ಕಿವುಡ ಮಗುವಿಗೆ ಎಷ್ಟು ಸಂಜ್ಞೆ ಬರುತ್ತದೆ ಎಂದು ಎಣಿಸುವುದು ಹೇಗೆ? ಸಂಖ್ಯೆ ಏರದಿದ್ದರೆ ಏನು ಮಾಡಬೇಕು?

ಆರಂಭಶಿಕ್ಷಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 1ರಿಂದ 3 ವರ್ಷದ ಕಿವುಡ ಮಕ್ಕಳ ಸಂಜ್ಞಾ ಪದಸಂಪತ್ತನ್ನು ತಿಂಗಳಿಗೊಮ್ಮೆ ಬರೆದಿಡಲು ಒಂದು ಪಟ್ಟಿ ಸಿದ್ಧ ಮಾಡುತ್ತಿದ್ದೇವೆ. ಎಲ್ಲ ಮಕ್ಕಳ ತಂದೆತಾಯಿಯೂ ಕೇಳುವವರು (ಕಿವಿ ಕೇಳಿಸುವವರು), ಮಗುವಿನ ಕಿವುಡು ಗೊತ್ತಾದ ಮೇಲೆ ಸಂಜ್ಞಾ ಭಾಷೆ ಕಲಿಯಲು ಕೂತವರು. ಪಟ್ಟಿ ತುಂಬುವಾಗ ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಬರುತ್ತದೆ. ಒಂದೇ ಮಗುವಿಗೆ ತಾಯಿ 40 ಅನ್ನುತ್ತಾರೆ, ಶಿಕ್ಷಕಿ 15 ಅನ್ನುತ್ತಾರೆ.

ಯಾವುದನ್ನು ಪದ ಅಂತ ಎಣಿಸಬೇಕು ಎಂಬಲ್ಲೇ ಮೊದಲ ತೊಡಕು. ಬೆರಳು ತೋರಿಸುವುದು, ಟಾಟಾ ಮಾಡುವುದು, ಎತ್ತಿಕೋ ಅಂತ ಕೈ ಚಾಚುವುದು ಸೇರುತ್ತವೆಯೇ? ಕೈಯಾಕಾರ ತಪ್ಪಿದ್ದರೆ ಆ ಸಂಜ್ಞೆ ಬಂದಿದೆ ಅನ್ನಬೇಕೋ, ಬಂದಿಲ್ಲ ಅನ್ನಬೇಕೋ? ಮಾತಿನ ಭಾಷೆಗೆಂದು ಮಾಡಿದ ಸಿದ್ಧ ಪಟ್ಟಿಯನ್ನು ಹಾಗೇ ಅನುವಾದಿಸಿಕೊಂಡರೆ ನಡೆಯುತ್ತದೆಯೇ?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮನೆಯವರು ಚಿತ್ರದ ಕಾರ್ಡ್ ಹಿಡಿದು ದಿನಕ್ಕೆ 10 ಸಂಜ್ಞೆ ಅಭ್ಯಾಸ ಮಾಡಿಸುತ್ತಿದ್ದಾರೆ. ಕಾರ್ಡ್ ಮುಂದಿದ್ದಾಗ ಮಗು ಮಾಡುತ್ತದೆ. ಆಟಕ್ಕೆ ಇಳಿದರೆ ಅದರಲ್ಲಿ ಒಂದನ್ನೂ ಬಳಸುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಮಣಿಕಟ್ಟು ಉತ್ತರಿಸಿದ್ದು:

ಎಣಿಕೆಯ ಬಗ್ಗೆ ನಾನು ಹೇಳುತ್ತೇನೆ, ಕಾರ್ಡಿನ ವಿಷಯ ಬೇರೆಯವರು ಬರೆಯಲಿ.

ತಾಯಿಯ 40, ಶಿಕ್ಷಕಿಯ 15 ಎರಡೂ ಸರಿ ಇರಬಹುದು. ಮಗುವಿಗೆ ಅರ್ಥವಾಗುವುದನ್ನೂ ತಾಯಿ ಸೇರಿಸಿರುತ್ತಾರೆ, ಮಗು ಮಾಡಿದ್ದನ್ನಷ್ಟೇ ಶಿಕ್ಷಕಿ ಎಣಿಸಿರುತ್ತಾರೆ. ಪ್ರತಿ ಪದದ ಮುಂದೆ ಎರಡು ಖಾನೆ ಇಡಿ: "ನೋಡಿದರೆ ತಿಳಿಯುತ್ತದೆ", "ತಾನೇ ಮಾಡುತ್ತದೆ". ಈ ವಯಸ್ಸಿನಲ್ಲಿ ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ತಿಳಿಯುತ್ತದೆ ಎಂದು ಗುರುತು ಹಾಕುವ ಮುನ್ನ ಒಂದು ಎಚ್ಚರಿಕೆ. ದೊಡ್ಡವರು "ಚೆಂಡು" ಎಂದು ಸಂಜ್ಞೆ ಮಾಡುತ್ತಲೇ ಚೆಂಡಿನ ಕಡೆ ಕಣ್ಣು ಹಾಯಿಸಿಬಿಡುತ್ತಾರೆ. ಕಿವುಡ ಮಗು ಕಣ್ಣಿನ ಜಾಡು ಹಿಡಿಯುವುದರಲ್ಲಿ ಬಲು ಚುರುಕು. ಆ ನೋಟ ಹಿಡಿದೇ ಚೆಂಡು ತಂದುಕೊಡುತ್ತದೆ, ಸಂಜ್ಞೆ ಗೊತ್ತಿರಬೇಕೆಂದೇನೂ ಇಲ್ಲ. ಮೂರು ವಸ್ತು ಮುಂದಿಟ್ಟು, ನಿಮ್ಮ ನೋಟವನ್ನು ಮಗುವಿನ ಮುಖದಿಂದ ಕದಲಿಸದೆ ಸಂಜ್ಞೆ ಮಾಡಿ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಸರಿಯಾಗಿ ಆರಿಸಿದರೆ ಗುರುತು ಹಾಕಬಹುದು.

"ತಾನೇ ಮಾಡುತ್ತದೆ" ಎನ್ನಲು ಮೂರು ಷರತ್ತು ಇಟ್ಟುಕೊಳ್ಳಿ. ನೀವು ಮಾಡಿದ ಮರುಗಳಿಗೆಯೇ ಮಾಡಿದ ನಕಲು ಆಗಿರಬಾರದು. ಅದೇ ಅರ್ಥಕ್ಕೆ ಅದೇ ರೂಪ ಮತ್ತೆ ಬರಬೇಕು. ಕನಿಷ್ಠ ಎರಡು ಬೇರೆ ದಿನ, ಎರಡು ಬೇರೆ ಸಂದರ್ಭದಲ್ಲಿ ಕಂಡಿರಬೇಕು. ಕಾರ್ಡ್ ಮುಂದೆ ಮಾತ್ರ ಬರುವ ಸಂಜ್ಞೆ ಮೂರನೆಯ ಷರತ್ತಿನಲ್ಲಿ ಬಿದ್ದುಹೋಗುತ್ತದೆ. ನಿಮ್ಮ ಲೆಕ್ಕದ ಅರ್ಧ ಜಗಳ ಇಲ್ಲೇ ಬಗೆಹರಿಯಬಹುದು.

ಟಾಟಾ, ಎತ್ತಿಕೋ, ತಲೆ ಅಲ್ಲಾಡಿಸಿ ಬೇಡ ಅನ್ನುವುದು ಕೇಳುವ ಮಕ್ಕಳೂ ಮಾಡುವ ಕೈಸನ್ನೆ, ತಲೆಸನ್ನೆಗಳು. ಬರೆದಿಡಿ, ಆದರೆ ಪದಗಳ ಮೊತ್ತಕ್ಕೆ ಸೇರಿಸಬೇಡಿ. 10 ತಿಂಗಳ ಆಚೀಚೆ ಅರ್ಥವಿಲ್ಲದೆ ಕೈ ಮುಚ್ಚಿ ತೆರೆಯುವುದು, ಒಂದೇ ಲಯದಲ್ಲಿ ಮತ್ತೆ ಮತ್ತೆ ಮಾಡುವುದು ಕಂಡರೆ ಅದು ಕೈತೊದಲು. ಕೇಳುವ ಕೂಸು "ಬಬಬ" ಅನ್ನುವಂತೆಯೇ ಇದು. ಲಾರಾ ಪೆಟಿಟ್ಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ಇದನ್ನು ವರದಿ ಮಾಡಿದರು. ಇದು ಒಳ್ಳೆಯ ಲಕ್ಷಣ, ಪದ ಮಾತ್ರ ಅಲ್ಲ.

ಬೆರಳು ತೋರಿಸುವುದಕ್ಕೆ ಬೇರೆಯೇ ಸಾಲು ಬೇಕು. ಸಂಜ್ಞಾ ಭಾಷೆಗಳಲ್ಲಿ "ನಾನು", "ನೀನು" ಎನ್ನಲು ಬೆರಳನ್ನೇ ತೋರಿಸುತ್ತಾರಾದ್ದರಿಂದ, ಒಂದು ವರ್ಷದ ಮಗು ತನ್ನೆದೆಗೆ ಬೆರಳಿಟ್ಟರೆ "ನಾನು ಬಂತು" ಎಂದು ಬರೆದುಬಿಡುವುದು ಸುಲಭ. ಪೆಟಿಟ್ಟೊ ಹತ್ತಿರದಿಂದ ಗಮನಿಸಿದ ಮಕ್ಕಳಲ್ಲಿ ಜನರತ್ತ ಬೆರಳು ತೋರಿಸುವುದು ಒಂದು ವರ್ಷದ ನಂತರ ಕೆಲವು ತಿಂಗಳು ನಿಂತೇಹೋಯಿತು. ಆಮೇಲೆ ಭಾಷೆಯ ಪದವಾಗಿ ಮರಳಿ ಬಂದಾಗ ತಿರುವುಮುರುವಾಯಿತು: ತನ್ನನ್ನು ಹೇಳಲು ಎದುರಿನವರತ್ತ ಬೆರಳು. ಎರಡು ವರ್ಷ ದಾಟಿದ ಮೇಲೆ ಸರಿಹೋಯಿತು. ಹೀಗೆ ಕಂಡರೆ ಗಾಬರಿ ಬೀಳಬೇಡಿ, ತಿದ್ದಲೂ ಹೋಗಬೇಡಿ.

ಈಗ ಕೈಯಾಕಾರ. ಸಂಜ್ಞೆಯಲ್ಲಿ ನಾಲ್ಕು ಭಾಗ ನೋಡಿ: ಮೈಮೇಲೆ ಎಲ್ಲಿ ಮಾಡುತ್ತೇವೆ ಎಂಬ ಜಾಗ, ಚಲನೆ, ಕೈಯಾಕಾರ, ಅಂಗೈಯ ದಿಕ್ಕು. ಮಕ್ಕಳಿಗೆ ಜಾಗ ಬೇಗ ಸರಿಯಾಗುತ್ತದೆ, ಚಲನೆ ಅದರ ನಂತರ, ಕೈಯಾಕಾರ ಎಲ್ಲಕ್ಕಿಂತ ತಡ. ಮೊದಲು ಸಿಗುವ ಆಕಾರಗಳು ಬಿಚ್ಚಿದ ಐದು ಬೆರಳು, ಮುಷ್ಟಿ, ಚಾಚಿದ ತೋರುಬೆರಳು, ಚಪ್ಪಟೆ ಅಂಗೈ. ಬೆರಳು ಹೆಣೆಯುವುದು, ಉಂಗುರ ಬೆರಳನ್ನು ಒಂಟಿಯಾಗಿ ಆಡಿಸುವುದು, ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸುವುದು ಬಹಳ ಕಾಲ ಹಿಡಿಯುತ್ತವೆ. ಕೆಲವು ಆಕಾರ 4–5 ವರ್ಷವಾದರೂ ಪಕ್ಕಾ ಆಗಿರುವುದಿಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಕುದುರೆಗೆ ಹೆಬ್ಬೆರಳನ್ನು ಕಣತಲೆಗೆ ತಾಗಿಸಿ, ಜೋಡಿಸಿದ ಎರಡು ಬೆರಳನ್ನು ಬುಡದ ಗೆಣ್ಣಿನಲ್ಲಿ ಎರಡು ಸಲ ಬಾಗಿಸುತ್ತಾರೆ, ಕುದುರೆಯ ಕಿವಿ ಆಡಿದ ಹಾಗೆ. ಪುಟ್ಟ ಮಗು ಅದೇ ಜಾಗದಲ್ಲಿ ಕೈ ಇಡುತ್ತದೆ, ಆದರೆ ಗೆಣ್ಣಿನ ಬದಲು ಮಣಿಕಟ್ಟನ್ನೇ ಬಗ್ಗಿಸುತ್ತದೆ. ಮೈಗೆ ಹತ್ತಿರದ ಕೀಲು ಬೇಗ ಹತೋಟಿಗೆ ಬರುತ್ತದೆ, ತುದಿಯ ಕೀಲು ತಡವಾಗಿ. ಮಣಿಕಟ್ಟಿನ ಕೆಲಸವನ್ನು ಮೊಣಕೈ, ಮೊಣಕೈಯ ಕೆಲಸವನ್ನು ಭುಜ ವಹಿಸಿಕೊಳ್ಳುವುದು ಇದೇ ಕಾರಣಕ್ಕೆ. ಅದಕ್ಕೇ ಮಕ್ಕಳ ಸಂಜ್ಞೆ ದೊಡ್ಡದಾಗಿ, ಬೀಸಿದಂತೆ ಕಾಣುತ್ತದೆ. ಒಂದೇ ಸಲದ ಚಲನೆಯನ್ನು ಮೂರ್ನಾಲ್ಕು ಸಲ ಮಾಡುವುದು, ಒಂದು ಕೈ ಸುಮ್ಮನಿರಬೇಕಾದಲ್ಲಿ ಎರಡನ್ನೂ ಒಂದೇ ಥರ ಆಡಿಸುವುದು ಕೂಡ ಸಹಜ.

ಹಾಗಾಗಿ ಜಾಗ ಸರಿಯಿದ್ದು, ಚಲನೆ ಹೋಲುತ್ತಿದ್ದು, ಅರ್ಥ ನಿಶ್ಚಿತವಾಗಿದ್ದರೆ ಎಣಿಸಿ. ರೂಪ ಹೇಗಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಉಚ್ಚಾರ ತಪ್ಪೆಂದು ಕೇಳುವ ಮಗು ಕುದುರೆಗೆ ಅನ್ನುವ "ಕುದುಲೆ"ಯನ್ನು ನಾವು ಪದವೇ ಅಲ್ಲ ಅನ್ನುವುದಿಲ್ಲವಲ್ಲ. ಅಂಗೈಯ ದಿಕ್ಕು ಮಾತ್ರ ಬೇರೆ ಮಾತು. ಹೊರಗೆ ಮುಖ ಮಾಡಬೇಕಾದ ಅಂಗೈಯನ್ನು ಮಗು ಬಿಡದೆ ತನ್ನ ಕಡೆಗೇ ತಿರುಗಿಸುತ್ತಿದ್ದರೆ, ಅಂದರೆ ತನಗೆ ಕಂಡದ್ದನ್ನೇ ಪಡಿಯಚ್ಚು ಮಾಡುತ್ತಿದ್ದರೆ, ಬರೆದಿಟ್ಟುಕೊಳ್ಳಿ. ಹುಟ್ಟಿನಿಂದ ಸಂಜ್ಞೆ ಕಂಡ, ಆಟಿಸಂ ಇರುವ ಕಿವುಡ ಮಕ್ಕಳಲ್ಲಿ ಈ ತಿರುವು ಕಂಡುಬಂದಿದೆ. ಅದೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು, ಆದರೆ ನೋಟ ಹಂಚಿಕೊಳ್ಳುವುದರಲ್ಲೂ ತೊಡಕಿದ್ದರೆ ತಜ್ಞರಿಗೆ ತೋರಿಸಲು ತಡಮಾಡಬೇಡಿ.

ಸಿದ್ಧ ಪಟ್ಟಿಯ ಅನುವಾದ ಬೇಡ. ಪುಟ್ಟ ಮಕ್ಕಳ ಪದ ಎಣಿಸಲು ತಂದೆತಾಯಿ ತುಂಬುವ ಇಂಗ್ಲಿಷಿನ ಮ್ಯಾಕ್‌ಆರ್ಥರ್ ಪಟ್ಟಿಯನ್ನು ಡಯೇನ್ ಆಂಡರ್ಸನ್ ಮತ್ತು ಜೂಡಿ ರೈಲಿ ಅಮೆರಿಕನ್ ಸಂಜ್ಞಾ ಭಾಷೆಗೆ ಅಳವಡಿಸಿ 2002ರಲ್ಲಿ ಪ್ರಕಟಿಸಿದಾಗ ಪ್ರಾಣಿಗಳ ಕೂಗಿನ ವಿಭಾಗವನ್ನೇ ತೆಗೆದುಹಾಕಿದರು, ಮೈಯ ಅಂಗಗಳನ್ನೂ ಬಿಟ್ಟರು. ಮೂಗು ಎನ್ನಲು ಮೂಗನ್ನೇ ಮುಟ್ಟಿ ತೋರಿಸುವಲ್ಲಿ ಅದು ಪದವೋ ಬೆರಳ ತೋರುವಿಕೆಯೋ ಹೇಳಲಾಗದು. ಕೊನೆಗೆ 537 ಸಂಜ್ಞೆ ಉಳಿದವು.

ಇನ್ನೊಂದು ಬಲೆ "ತೆರೆ" ಎಂಬಂಥ ಪದ. ಬಾಗಿಲು ತೆರೆಯುವುದು, ಡಬ್ಬಿ ತೆರೆಯುವುದು, ಪುಸ್ತಕ ತೆರೆಯುವುದು ಸಂಜ್ಞೆಯಲ್ಲಿ ಬೇರೆ ಬೇರೆ ರೂಪ. ಮಾತಿನ ಪಟ್ಟಿಯಲ್ಲಿ ಒಂದೇ ಸಾಲು. ಇತ್ತ "ಕುರ್ಚಿ" ಮತ್ತು "ಕೂರು" ಕೆಲವು ಸಂಜ್ಞಾ ಭಾಷೆಗಳಲ್ಲಿ ಒಂದೇ ಕೈಯಾಕಾರ, ಒಂದೇ ಜಾಗ. ಚಲನೆಯಲ್ಲಷ್ಟೇ ಸಣ್ಣ ವ್ಯತ್ಯಾಸ. ಎರಡು ವರ್ಷದ ಮಗು ಆ ವ್ಯತ್ಯಾಸ ತೋರಿಸುವುದಿಲ್ಲ. ಪಟ್ಟಿಯ ಸಾಲುಗಳನ್ನು ಸಂಜ್ಞೆಯ ವಿಡಿಯೋದಿಂದ ಶುರು ಮಾಡಿ, ಕನ್ನಡ ಪದದಿಂದಲ್ಲ. ಆ ಸಂಜ್ಞಾ ಭಾಷೆಯನ್ನು ಹುಟ್ಟಿನಿಂದ ಬಳಸುವ ಕಿವುಡರೊಬ್ಬರು ಪಟ್ಟಿ ಮಾಡುವಾಗಲೇ ಜೊತೆಗಿರಲಿ. ಕೊನೆಗೆ ತಂದು ತೋರಿಸಿ ಒಪ್ಪಿಗೆ ಕೇಳಿದರೆ ತಡವಾಗಿರುತ್ತದೆ.

ಕಣ್ಣಳತೆ ಉತ್ತರಿಸಿದ್ದು:

ಕಾರ್ಡ್ ನಿಲ್ಲಿಸಿ. ಮಗುವಿಗೆ ಕಾರ್ಡ್ ಎಂಬುದೇ ಒಂದು ಆಟ: ಇದನ್ನು ಎತ್ತಿದರೆ ಹೀಗೆ ಕೈ ಮಾಡಬೇಕು, ದೊಡ್ಡವರು ನಗುತ್ತಾರೆ. ಆ ಸಂಜ್ಞೆಯಿಂದ ಏನಾದರೂ ಕೇಳಬಹುದು, ಬೇಡ ಅನ್ನಬಹುದು, ಯಾರನ್ನಾದರೂ ಕರೆಯಬಹುದು ಎಂಬುದು ಅಲ್ಲಿ ಕಾಣುವುದೇ ಇಲ್ಲ.

ಮೂಲ ತೊಡಕು ಕಣ್ಣಿನಲ್ಲಿದೆ. ಕೇಳುವ ಮಗು ಚೆಂಡನ್ನು ನೋಡುತ್ತಿರುವಾಗಲೇ "ಚೆಂಡು" ಕಿವಿಗೆ ಬೀಳುತ್ತದೆ, ವಸ್ತುವೂ ಹೆಸರೂ ಒಟ್ಟಿಗೆ ಸಿಗುತ್ತವೆ. ಕಿವುಡ ಮಗುವಿಗೆ ಎರಡೂ ಬರಬೇಕಾದದ್ದು ಒಂದೇ ದಾರಿಯಲ್ಲಿ. ಅದು ಚೆಂಡು ನೋಡಬೇಕು, ಅಲ್ಲಿಂದ ಕಣ್ಣು ಕಿತ್ತು ನಿಮ್ಮ ಕಡೆ ತಿರುಗಬೇಕು, ಸಂಜ್ಞೆ ನೋಡಬೇಕು, ಮತ್ತೆ ಚೆಂಡಿಗೆ ಹೋಗಿ ಎರಡನ್ನೂ ಕೂಡಿಸಬೇಕು. ಅದರ ಕಣ್ಣು ಚೆಂಡಿನ ಮೇಲಿರುವಾಗ ನೀವು ಮಾಡಿದ ಸಂಜ್ಞೆ ಆ ಮಗುವಿನ ಪಾಲಿಗೆ ಆಗಿಯೇ ಇಲ್ಲ.

ಕೇಳುವ ತಂದೆತಾಯಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಅವರ ಅಭ್ಯಾಸ ಮಾತಿನದು. ಮಗು ಆಡುತ್ತಿರುವಾಗ ಪಕ್ಕದಲ್ಲಿ ಕೂತು ಒಂದೇ ಸಮ ಕೈಯಾಡಿಸುತ್ತಾರೆ. ಕಿವುಡ ತಾಯಂದಿರನ್ನು ಗಮನಿಸಿದರೆ ಅವರು ಕೂಸಿಗೆ ಮಾಡುವ ಸಂಜ್ಞೆ ಎಣಿಕೆಯಲ್ಲಿ ಕಡಿಮೆಯೇ. ಒಂದೋ ಎರಡೋ ಸಂಜ್ಞೆಯ ಚಿಕ್ಕ ವಾಕ್ಯ, ಆದರೆ ಮಗುವಿನ ಕಣ್ಣಿಗೆ ಬೀಳುವ ಹಾಗೆ. ಅವರು ಮಾಡುವುದನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಕಾಯುತ್ತಾರೆ. ಮಗು ತಾನಾಗಿ ತಲೆ ಎತ್ತಿದ ಕ್ಷಣವೇ ಸಂಜ್ಞೆ. ಕಾಯುವುದು ಸಾಲದಾದಾಗ ತೊಡೆಯನ್ನೋ ತೋಳನ್ನೋ ಮೆಲ್ಲಗೆ ಎರಡು ಸಲ ತಟ್ಟುತ್ತಾರೆ, ಇಲ್ಲವೇ ಮಗುವಿನ ಕಣ್ಣಂಚಿನಲ್ಲಿ ಕೈ ಬೀಸುತ್ತಾರೆ. ಗಲ್ಲ ಹಿಡಿದು ಮುಖ ತಿರುಗಿಸುವುದಿಲ್ಲ, ಹಾಗೆ ಮಾಡಿದರೆ ಮಗು ನೋಟ ತಪ್ಪಿಸಲು ಕಲಿಯುತ್ತದೆ. ತೀರಾ ಚಿಕ್ಕ ಕೂಸಾದರೆ ಸಂಜ್ಞೆಯನ್ನೇ ಮಗು ನೋಡುತ್ತಿರುವ ಜಾಗಕ್ಕೆ ಒಯ್ಯುತ್ತಾರೆ: ಚೆಂಡಿನ ಪಕ್ಕದಲ್ಲಿ, ಚಿತ್ರದ ಮೇಲೆ, ಮಗುವಿನ ಮೈಮೇಲೆಯೇ. ಇಲ್ಲವೇ ವಸ್ತುವನ್ನು ತಮ್ಮ ಮುಖದ ಹತ್ತಿರ ತಂದು ಅಲ್ಲಿ ಸಂಜ್ಞೆ ಮಾಡುತ್ತಾರೆ. ವಸ್ತುವನ್ನು ತಟ್ಟಿ, ಸಂಜ್ಞೆ ಮಾಡಿ, ಮತ್ತೆ ವಸ್ತುವನ್ನು ತಟ್ಟುವುದೂ ಉಂಟು. ಸಂಜ್ಞೆ ದೊಡ್ಡದು, ನಿಧಾನ, ಹೆಚ್ಚು ಸಲ.

ಒಂದು ನಿಮಿಷದ ಆಟ ಹೇಗಿರಬೇಕು ನೋಡಿ. ಚೆಂಡು ಉರುಳಿ ಮೇಜಿನಡಿಗೆ ಹೋಯಿತು. ಮಗು ಅದರ ಹಿಂದೆಯೇ ಕಣ್ಣು ನೆಟ್ಟಿದೆ. ಈಗ ಕೈ ಎತ್ತಬೇಡಿ. ಚೆಂಡು ಮರೆಯಾಯಿತು, ಮಗು ನಿಮ್ಮತ್ತ ತಿರುಗಿತು. ಈಗ "ಎಲ್ಲಿ?", ಮುಖದಲ್ಲೂ ಅದೇ ಅಚ್ಚರಿ. ಮಗುವಿನ ಕಣ್ಣು ಮೇಜಿಗೆ ಹೋಗಿ ಮರಳುವ ತನಕ ಸುಮ್ಮನಿರಿ. ಮರಳಿದಾಗ "ಚೆಂಡು ಒಳಗೆ". ಅದು ತೆವಳಿ ಹೋಗಿ ತೆಗೆದು, ಗೆದ್ದಂತೆ ನಿಮ್ಮನ್ನು ನೋಡಿದಾಗ "ಚೆಂಡು, ಸಿಕ್ಕಿತು". ಇಡೀ ನಿಮಿಷಕ್ಕೆ ಐದು ಸಂಜ್ಞೆ. ಐದೂ ತಲುಪಿದವು, ಐದೂ ಮಗುವಿನ ಮನಸ್ಸಿನಲ್ಲಿ ಆಗ ಇದ್ದದ್ದನ್ನೇ ಹೇಳಿದವು.

ಮನೆಯವರಿಗೆ ಉಪದೇಶ ಮಾಡುವ ಬದಲು ಎಣಿಸಿ ತೋರಿಸಿ. 10 ನಿಮಿಷದ ಆಟದ ವಿಡಿಯೋ ತೆಗೆಯಿರಿ. ದೊಡ್ಡವರು ಮಾಡಿದ ಪ್ರತಿ ಸಂಜ್ಞೆಗೂ ಒಂದು ಗೆರೆ ಎಳೆಯಿರಿ, ಆ ಹೊತ್ತಿಗೆ ಮಗುವಿನ ಕಣ್ಣು ಅವರ ಮುಖದ ಮೇಲೋ ಕೈಯ ಮೇಲೋ ಇದ್ದರೆ ಗೆರೆಯ ಮೇಲೊಂದು ಚುಕ್ಕೆ ಇಡಿ. ಚುಕ್ಕೆಯಿಲ್ಲದ ಗೆರೆಗಳನ್ನು ಅವರೇ ನೋಡಲಿ. ತಿಂಗಳ ನಂತರ ಮತ್ತೆ ಎಣಿಸುವಾಗ ಗೆರೆ ಹೆಚ್ಚಾಗದಿದ್ದರೂ ಪರವಾಗಿಲ್ಲ, ಚುಕ್ಕೆ ಹೆಚ್ಚಾಗಬೇಕು.

ಕೂರುವ ಜಾಗವೂ ಮುಖ್ಯ. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖ, ಕೈ ಎರಡೂ ಕಪ್ಪಾಗಿ ಕಾಣುತ್ತವೆ. ಬೆಳಕು ನಿಮ್ಮ ಮೇಲೆ ಬೀಳಲಿ. ಚೌಕಳಿ, ಹೂವಿನ ಬಟ್ಟೆಯ ಮುಂದೆ ಬೆರಳು ಕರಗಿಹೋಗುತ್ತವೆ. ಕೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಬಟ್ಟೆ ಒಳ್ಳೆಯದು. ಪುಸ್ತಕ ಓದುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ನಿಮ್ಮ ಮುಖ ಅದಕ್ಕೆ ಕಾಣದು, ಆಗ ಸಂಜ್ಞೆಯನ್ನು ಮಗುವಿನ ಎದೆಯ ಮುಂದೆ ಪುಟದ ಮೇಲೇ ಮಾಡಬೇಕು. ಎದುರಿಗೆ ಕೂತರೆ ಪುಸ್ತಕ ನಿಮ್ಮ ಎದೆಯ ಪಕ್ಕಕ್ಕೆ, ಮುಖದ ಹತ್ತಿರ ಇರಲಿ. ಪುಟ ತಿರುಗಿಸಿ, ಮಗು ಚಿತ್ರವನ್ನು ಕಣ್ತುಂಬ ನೋಡಿ ನಿಮ್ಮತ್ತ ಬರುವವರೆಗೆ ಕಾಯಿರಿ. ಇಲ್ಲಿ ಆತುರ ಮಾಡಿದರೆ ಪುಸ್ತಕವೂ ಕಾರ್ಡ್ ಆಗಿಬಿಡುತ್ತದೆ.

ನಿಮ್ಮ ಹತ್ತು ಸಂಜ್ಞೆಗಳಲ್ಲಿ ಎಷ್ಟು ವಸ್ತುಗಳ ಹೆಸರು? ಎಲ್ಲವೂ ಹೆಸರೇ ಆಗಿದ್ದರೆ ಮಗುವಿಗೆ ವಾಕ್ಯ ಕಟ್ಟಲು ಸಾಮಗ್ರಿಯೇ ಇಲ್ಲ. ಇನ್ನೂ, ಬೇಡ, ಮುಗಿಯಿತು, ಎಲ್ಲಿ, ಬಿತ್ತು, ಕೊಡು, ತೆಗೆ, ಬಾ, ಬಿಸಿ: ಇವು ದಿನವಿಡೀ ಕೆಲಸಕ್ಕೆ ಬರುತ್ತವೆ. ಎರಡು ಸಂಜ್ಞೆ ಕೂಡಿಸುವುದು ಇವುಗಳಿಂದಲೇ ಶುರುವಾಗುತ್ತದೆ.

ಆರಂಭಶಿಕ್ಷಕಿ ಬರೆದದ್ದು:

ತುಂಬಾ ಉಪಕಾರವಾಯಿತು. ಗೆರೆ ಮತ್ತು ಚುಕ್ಕೆಯ ಎಣಿಕೆ ಈ ವಾರವೇ ಶುರು ಮಾಡುತ್ತೇವೆ.

ಇನ್ನು ನಾಲ್ಕು ವಿಷಯ ಉಳಿದಿವೆ. ಮನೆಯವರು ಮಾತನಾಡುತ್ತಲೇ ಸಂಜ್ಞೆ ಮಾಡುತ್ತಾರೆ, ಅದು ಸರಿಯೇ? ಕೆಲವು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಆಗಿದೆ, ಸಂಜ್ಞೆ ಕಲಿತರೆ ಮಾತು ಹಿಂದೆ ಬೀಳುತ್ತದೆ ಎಂಬ ಭಯ ಮನೆಯವರಿಗೆ. ಮತ್ತೆ, ಮನೆಯಲ್ಲೇ ಹುಟ್ಟಿಕೊಂಡ ಸನ್ನೆಗಳನ್ನು ಎಣಿಸಬೇಕೇ? ತಡವಾಗಿ ಶುರು ಮಾಡಿದ ಮಗುವಿನಿಂದ ಎಷ್ಟು ನಿರೀಕ್ಷಿಸಬಹುದು ಎಂದೂ ಕೇಳುತ್ತಾರೆ.

ದ್ವಿಭಾಷಿ ಉತ್ತರಿಸಿದ್ದು:

ಭಯದ ವಿಷಯ ಮೊದಲು, ಏಕೆಂದರೆ ಅದರಿಂದಲೇ ಮನೆಗಳಲ್ಲಿ ಸಂಜ್ಞೆ ನಿಂತುಹೋಗುವುದು. ಸಂಜ್ಞಾ ಭಾಷೆ ಕಲಿಯುವುದು ಮಾತಿನ ಭಾಷೆಯ ಪದಸಂಪತ್ತನ್ನು ಕುಗ್ಗಿಸುವುದಿಲ್ಲ. ಎರಡನ್ನೂ ಕಲಿಯುತ್ತಿರುವ ಕಿವುಡ ಮಕ್ಕಳ ಪದಗಳನ್ನು ಅಳೆದು ನೋಡಿದ 2023ರ ಅಧ್ಯಯನವೂ ಇದನ್ನೇ ಹೇಳಿತು. ಇಂಪ್ಲಾಂಟಿನಿಂದ ಎಷ್ಟು ಮಾತು ಬರುತ್ತದೆ ಎಂಬುದು ಮಗುವಿನಿಂದ ಮಗುವಿಗೆ ಬಹಳ ಬೇರೆ, ಮೊದಲೇ ಹೇಳಲಾಗದು. ಅದು ಗೊತ್ತಾಗುವವರೆಗೆ ಮಗುವನ್ನು ಯಾವ ಭಾಷೆಯೂ ಇಲ್ಲದೆ ಕಾಯಿಸುವುದೇ ನಿಜವಾದ ಅಪಾಯ. ಭಾಷೆ ಬೇರೂರುವ ವರ್ಷಗಳು ಮರಳಿ ಬರುವುದಿಲ್ಲ. ಸಂಜ್ಞಾ ಭಾಷೆ ತಡವಾಗಿ ಸಿಕ್ಕವರಿಗೆ ದಶಕಗಳ ಬಳಕೆಯ ನಂತರವೂ ವ್ಯಾಕರಣದ ಕಷ್ಟ ಉಳಿದಿರುತ್ತದೆ ಎಂದು ಎಲಿಸ್ಸಾ ನ್ಯೂಪೋರ್ಟ್, ರೇಚಲ್ ಮೇಬೆರಿ ಅವರ ಕೆಲಸ ಬಹಳ ಹಿಂದೆಯೇ ತೋರಿಸಿದೆ.

ಇಂಥ ಮಕ್ಕಳ ಪಟ್ಟಿಯಲ್ಲಿ ಸಂಜ್ಞೆಗೊಂದು, ಮಾತಿಗೊಂದು ಖಾನೆ ಇಟ್ಟು, "ನೀರು" ಎರಡರಲ್ಲೂ ಬಂದರೆ ಪರಿಕಲ್ಪನೆ ಒಂದು ಎಂದು ಬರೆಯಿರಿ. ಮಾತಿನಲ್ಲಿ 12, ಸಂಜ್ಞೆಯಲ್ಲಿ 60, ಎರಡರಲ್ಲೂ ಇರುವುದು 9 ಎಂದಿಟ್ಟುಕೊಳ್ಳಿ. ಆ ಮಗುವಿಗೆ 63 ವಿಷಯಕ್ಕೆ ಹೆಸರು ಗೊತ್ತು. ಮಾತನ್ನಷ್ಟೇ ಅಳೆದವರು 12 ಎಂದು ಬರೆದು ಮಗು ತೀರಾ ಹಿಂದುಳಿದಿದೆ ಅನ್ನುತ್ತಾರೆ. ಇಂಥ ವರದಿ ಹಿಡಿದು ಬರುವ ತಾಯ್ತಂದೆಯರಿಗೆ ಈ ಲೆಕ್ಕ ತೋರಿಸಲೇಬೇಕು.

ತಡವಾದ ಆರಂಭದ ಬಗ್ಗೆ. ಕೇಳುವ ತಂದೆತಾಯಿಯ ಕಿವುಡ ಮಕ್ಕಳನ್ನು ನೋಡಿ ನವೋಮಿ ಕ್ಯಾಸೆಲ್ಲಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಫಲಿತಾಂಶ ನಿಮ್ಮ ಮನೆಯವರಿಗೆ ಧೈರ್ಯ ಕೊಡುವಂಥದ್ದು. 6 ತಿಂಗಳೊಳಗೆ ಸಂಜ್ಞಾ ಭಾಷೆ ಸಿಕ್ಕ ಮಕ್ಕಳ ಪದಸಂಪತ್ತು ವಯಸ್ಸಿಗೆ ತಕ್ಕಂತೆ ಬೆಳೆಯಿತು. ತಾಯ್ತಂದೆ ಆಗಷ್ಟೇ ಕಲಿಯುತ್ತಿದ್ದವರು ಎಂಬುದು ಅಡ್ಡಿಯಾಗಲಿಲ್ಲ. ಸ್ವಲ್ಪ ತಡವಾದವರಲ್ಲಿ ತಾವೇ ಮಾಡುವ ಸಂಜ್ಞೆ ಕಡಿಮೆಯಿದ್ದರೂ ಅರ್ಥವಾಗುವುದು ಅಷ್ಟು ಹಿಂದೆ ಇರಲಿಲ್ಲ, ಮತ್ತು ಅವರು ಬೇಗ ಬೇಗ ಮುಂದೆ ಬಂದರು. ಹುಟ್ಟಿದ ವಯಸ್ಸಿನ ಜೊತೆಗೆ "ಸಂಜ್ಞಾ ವಯಸ್ಸು" ಎಂದೂ ಪಟ್ಟಿಯಲ್ಲಿ ಬರೆಯಿರಿ. 26 ತಿಂಗಳ ಮಗು 18ನೇ ತಿಂಗಳಲ್ಲಿ ಶುರು ಮಾಡಿದ್ದರೆ ಅದರ ಸಂಜ್ಞಾ ವಯಸ್ಸು 8 ತಿಂಗಳು. ಇದು ಕೊರತೆಯನ್ನು ಮರೆಮಾಡಲು ಅಲ್ಲ, ಬೆಳವಣಿಗೆಯ ವೇಗ ಕಾಣಲು. ಎರಡು ಮೂರು ತಿಂಗಳಾದರೂ ಅರ್ಥವಾಗುವ ಖಾನೆಯೇ ಏರದಿದ್ದರೆ ಮೊದಲು ಚುಕ್ಕೆಗಳ ಎಣಿಕೆ ನೋಡಿ, ಆಮೇಲೆ ಮಗುವಿನ ಕಡೆ ತಿರುಗಿ.

ಮಾತು ಮತ್ತು ಸಂಜ್ಞೆ ಒಟ್ಟಿಗೆ ಬೇಡ, ವಿಶೇಷವಾಗಿ ಕಲಿಯುವ ಹಂತದಲ್ಲಿ. ಮಾತು ತನ್ನ ಪಾಡಿಗೆ ಪೂರ್ತಿ ಹರಿಯುತ್ತದೆ, ಕೈ ಅಲ್ಲಲ್ಲಿ ಒಂದು ಸಂಜ್ಞೆ ಬಿಟ್ಟು ಉಳಿದದ್ದನ್ನು ನುಂಗುತ್ತದೆ. ಹೇಳುವವರಿಗೆ ತಾವು ಪೂರ್ತಿ ಹೇಳಿದೆವು ಅನ್ನಿಸುತ್ತದೆ, ಕಿವುಡ ಮಗುವಿಗೆ ಸಿಕ್ಕಿದ್ದು ಚೂರುಗಳು. "ನಾಯಿ ಹೊರಗೆ ಹೋಯಿತು, ಬಾಗಿಲು ಹಾಕು" ಎಂಬುದರಲ್ಲಿ ಕೈಗೆ ಬಂದದ್ದು "ನಾಯಿ… ಬಾಗಿಲು" ಅಷ್ಟೇ. ಬಾಯಿ ಮುಚ್ಚಿ ಮೂರು ಸಂಜ್ಞೆಯ ಪೂರ್ತಿ ವಾಕ್ಯ ಮಾಡಿ, ಬೇಕಿದ್ದರೆ ಆಮೇಲೆ ಅದನ್ನೇ ಮಾತಿನಲ್ಲಿ ಹೇಳಿ. ಎರಡಕ್ಕೂ ಸರದಿ ಇರಲಿ.

ಮನೆಯ ಸನ್ನೆಗಳನ್ನು ನಾನು ಎಣಿಸುತ್ತೇನೆ. ಮಗು ನಿಶ್ಚಿತ ಅರ್ಥಕ್ಕೆ ನಿಶ್ಚಿತ ರೂಪ ಬಳಸುತ್ತಿದ್ದರೆ ಅದು ಪದವೇ. "ಮನೆ" ಎಂದು ಪಕ್ಕದಲ್ಲಿ ಗುರುತು ಹಾಕಿ ಮೊತ್ತಕ್ಕೆ ಸೇರಿಸಿ.

ಮಣಿಕಟ್ಟು ಬರೆದದ್ದು:

ಮನೆಯ ಸನ್ನೆಯ ವಿಷಯದಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಮಗುವಿನ ಅಭಿವ್ಯಕ್ತಿ ಅಳೆಯಲು ಎಣಿಸಿ, ಸರಿ. ಆದರೆ ಮೊತ್ತ ಬೇರೆಯೇ ಇರಲಿ. ಸೂಸಾನ್ ಗೋಲ್ಡಿನ್-ಮೆಡೋ ಅವರ ಕೆಲಸ ತೋರಿಸಿದಂತೆ, ಯಾವ ಸಂಜ್ಞಾ ಭಾಷೆಯೂ ಕಾಣದ ಕಿವುಡ ಮಕ್ಕಳು ತಾವೇ ಸನ್ನೆ ಹುಟ್ಟಿಸಿ, ಕ್ರಮವಿಟ್ಟು ಜೋಡಿಸುತ್ತಾರೆ. ಅದು ಮಗುವಿನ ಶಕ್ತಿ. ಮನೆ ದಾಟಿದರೆ ಅದನ್ನು ತಿಳಿಯುವವರಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಿದರೆ, ಮಗುವಿಗೆ ಸಂಜ್ಞಾ ಭಾಷೆ ಸಾಕಷ್ಟು ಸಿಗುತ್ತಿಲ್ಲ ಎಂಬ ಸೂಚನೆ ಮುಚ್ಚಿಹೋಗುತ್ತದೆ. ಮನೆಯ ಸನ್ನೆಯನ್ನು ತಡೆಯಬೇಡಿ, ಅದರ ಪಕ್ಕದಲ್ಲೇ ಭಾಷೆಯ ಸಂಜ್ಞೆ ಮಾಡಿ ತೋರಿಸಿ. ಮಗು "ಕುಡಿಯುವುದು" ಎಂದು ತನ್ನದೇ ಸನ್ನೆ ಮಾಡಿದಾಗ ಲೋಟ ಕೊಡಿ, ಕೊಡುವ ಮುನ್ನ ಅದರ ಕಣ್ಣು ನಿಮ್ಮ ಮೇಲಿರುವಾಗ ಸರಿಯಾದ ಸಂಜ್ಞೆ ಒಮ್ಮೆ ಮಾಡಿ. ಅದು ಮಾಡಿ ತೋರಿಸಲಿ ಎಂದು ಲೋಟ ತಡೆಹಿಡಿಯಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: ನೋಡಿದರೇ ಅರ್ಥ ಹೊಳೆಯುವ ಸಂಜ್ಞೆ ಮಾತ್ರ ಮೊದಲು ಕಲಿಸಬೇಕು ಅನ್ನುವುದು. ಅಮೆರಿಕನ್ ಸಂಜ್ಞಾ ಭಾಷೆಯ "ಹಾಲು" ಮುಷ್ಟಿ ಹಿಂಡಿ ಬಿಡುವುದು. ಹಾಲು ಕರೆಯುವುದನ್ನು ಕಂಡವರಿಗೆ ಅದರಲ್ಲಿ ಚಿತ್ರವಿದೆ, 10 ತಿಂಗಳ ಕೂಸಿಗೆ ಇಲ್ಲ. ಆದರೂ ಕೂಸು ಅದನ್ನು ಬೇಗ ಕಲಿಯುತ್ತದೆ, ದಿನಕ್ಕೆ ಹತ್ತು ಸಲ ಕಾಣುವುದರಿಂದ, ಮುಷ್ಟಿ ಸುಲಭವಾದ್ದರಿಂದ. ಬ್ರಿಟಿಷ್ ಸಂಜ್ಞಾ ಭಾಷೆಯ ಮಕ್ಕಳಲ್ಲಿ ರೂಪ ಅರ್ಥವನ್ನು ಹೋಲುವ ಸಂಜ್ಞೆಗಳು ಬೇಗ ಬರುತ್ತವೆ ಎಂದು 2012ರಲ್ಲಿ ಕಂಡುಬಂದದ್ದು ನಿಜ. ಆದರೆ ಎಷ್ಟು ಸಲ ಕಾಣುತ್ತದೆ, ಗೊತ್ತಿರುವ ಬೇರೆ ಸಂಜ್ಞೆಗಳಿಗೆ ಎಷ್ಟು ಹತ್ತಿರದ ರೂಪ ಎಂಬುದಕ್ಕೂ ತೂಕವಿದೆ. ಹೋಲಿಕೆ ನೋಡಿ ಆರಿಸುತ್ತ ಹೋದರೆ ಮತ್ತೆ ಬರೀ ವಸ್ತು, ಪ್ರಾಣಿಗಳ ಹೆಸರೇ ತುಂಬಿಕೊಳ್ಳುತ್ತದೆ.

ಕಣ್ಣಳತೆ ಬರೆದದ್ದು:

ಮುಖದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಹಲವು ಸಂಜ್ಞಾ ಭಾಷೆಗಳಲ್ಲಿ "ಏನು", "ಎಲ್ಲಿ" ಕೇಳುವಾಗ ಹುಬ್ಬು ಗಂಟಿಕ್ಕುವುದು ವ್ಯಾಕರಣ. ಕೂಸಿಗೆ ಅದು ಸಿಟ್ಟಾಗಿ ಕಾಣುತ್ತದೆ. ಅಮೆರಿಕದ ಕಿವುಡ ತಾಯಂದಿರು ಸುಮಾರು ಎರಡು ವರ್ಷದವರೆಗಿನ ಮಕ್ಕಳಿಗೆ ಈ ಪ್ರಶ್ನೆಗಳನ್ನು ಹುಬ್ಬು ಗಂಟಿಕ್ಕದೆಯೇ ಕೇಳುತ್ತಿದ್ದರೆಂದು ರೈಲಿ ಮತ್ತು ಉರ್ಸುಲಾ ಬೆಲ್ಲುಗಿ 1996ರಲ್ಲಿ ಬರೆದಿದ್ದಾರೆ. ತರಗತಿಯಲ್ಲಿ ಕಲಿತ ಮುಖಭಾವವನ್ನು ನಿಯತ್ತಾಗಿ ಮಾಡುವ ಕೇಳುವ ತಾಯ್ತಂದೆಯರಿಗೆ ಇದನ್ನು ತಿಳಿಸಿ. ಮಗುವಿನ "ಎಲ್ಲಿ"ಯಲ್ಲೂ ಹುಬ್ಬು ಇರುವುದಿಲ್ಲ. ಕೈಯ ಸಂಜ್ಞೆ ಬಂದು ಬಹಳ ಕಾಲದ ನಂತರ ಮುಖದ ವ್ಯಾಕರಣ ಬರುತ್ತದೆ. ಪಟ್ಟಿಯಲ್ಲಿ ಅದನ್ನು ತಪ್ಪೆಂದು ಬರೆಯಬೇಡಿ.

ಚುಕ್ಕೆಗಳು ಚೆನ್ನಾಗಿದ್ದೂ ಸಂಖ್ಯೆ ಏರದ ಮಗುವಿದ್ದರೆ ಕಣ್ಣಿನ ತಪಾಸಣೆ ಮಾಡಿಸಿ. ಸಂಜ್ಞೆಗೆ ಕಣ್ಣೇ ಕಿವಿ, ಆದರೂ ಇದನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಪಕ್ಕದಲ್ಲಿ ಮಾಡಿದ ಸಂಜ್ಞೆ ಕಾಣದಿದ್ದರೆ, ಮಬ್ಬು ಬೆಳಕಿನಲ್ಲಿ ಮಗು ತಡವರಿಸಿದರೆ, ಕೂರುವುದೂ ನಡೆಯುವುದೂ ತಡವಾಗಿದ್ದರೆ ವೈದ್ಯರಿಗೆ ಮೂರನ್ನೂ ಒಟ್ಟಿಗೆ ಹೇಳಿ. ಕಿವುಡಿನ ಜೊತೆ ದೃಷ್ಟಿಯೂ ಕುಗ್ಗುತ್ತ ಹೋಗುವ ಆನುವಂಶಿಕ ತೊಂದರೆಯಾದ ಅಷರ್ ಸಿಂಡ್ರೋಮ್‌ನ ಮೊದಲ ಬಗೆಯಲ್ಲಿ ಹುಟ್ಟುಕಿವುಡಿನ ಜೊತೆ ದೇಹದ ಸಮತೋಲ ಕಡಿಮೆ, ಹಾಗಾಗಿ ನಡಿಗೆ ತಡ. ಇರುಳುಗುರುಡು ಬಾಲ್ಯದಲ್ಲೇ ತಲೆದೋರುತ್ತದೆ. ಬಂದಿದ್ದ ಸಂಜ್ಞೆಗಳು ಮಾಯವಾಗತೊಡಗಿದರಂತೂ ಮುಂದಿನ ತಿಂಗಳ ಎಣಿಕೆಗೆ ಕಾಯಬೇಡಿ.

ವಿಡಿಯೋ ತೆಗೆಯುವಾಗ ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲಿರಲಿ. ಮಗುವಿನ ತೊಡೆಯಿಂದ ತಲೆಯ ಮೇಲೆ ಒಂದು ಗೇಣಿನವರೆಗೆ ಚೌಕಟ್ಟಿನೊಳಗೆ ಬರಬೇಕು, ಇಲ್ಲದಿದ್ದರೆ ಬೀಸಿದ ಕೈ ಹೊರಗೆ ಹೋಗುತ್ತದೆ. ದೊಡ್ಡವರ ಮುಖ, ಕೈ ಕಾಣಲು ಎರಡನೆಯ ಫೋನ್ ಎದುರು ದಿಕ್ಕಿನಿಂದ ಇಡಿ, ಶುರುವಿನಲ್ಲಿ ಎರಡಕ್ಕೂ ಕಾಣುವಂತೆ ದೀಪ ಒಮ್ಮೆ ಆರಿಸಿ ಹಚ್ಚಿದರೆ ಆಮೇಲೆ ಎರಡು ವಿಡಿಯೋ ಹೊಂದಿಸುವುದು ಸುಲಭ. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಬೆರಳು ಮಸುಕಾಗುತ್ತವೆ, ಫೋನಿನಲ್ಲಿ 60 ಇದ್ದರೆ ಅದನ್ನೇ ಇಡಿ. ಮೊದಲ ಐದು ನಿಮಿಷ ಮಗು ಫೋನನ್ನೇ ನೋಡುತ್ತದೆ, ಅದನ್ನು ಬಿಟ್ಟು ಎಣಿಸಿ.